ಮಾತ್ರೆಯರಿತ ಪಯಣ: ಫ್ರಾನ್ಸ್ ದೇಶದ ಕಾಲುವೆಯ ದಂಡೆಯಲ್ಲಿ ಸೈಕಲ್ ಯಾತ್ರೆ

ನಮ್ಮ ಚಿಕಿತ್ಸಾಲಯಕ್ಕೆ ಬರುವ, ಅರವತ್ತು ದಾಟಿದ ಭಕ್ತರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಮೊದಲನೆಯವರು ಮೊಣಕಾಲು ನೋವಿಗೆ ಹೆದರಿ ನಡೆಯುವುದನ್ನೇ ಬಿಟ್ಟವರು. ಎರಡನೆಯವರು ನಿವೃತ್ತಿಯಾದ ಮರುದಿನವೇ ಬೂಟು ಕೊಂಡು, ಹರೆಯದವರೊಡನೆ ಓಡಿ, ಎದೆ ಹಿಡಿದುಕೊಂಡು ಬಂದವರು. ಇಬ್ಬರಿಗೂ ಬೇಕಾದ ಔಷಧ ಒಂದೇ. ಅದರ ಹೆಸರು ‘ಮಾತ್ರೆ’. ಗುಳಿಗೆ ಎಂಬರ್ಥದ ಮಾತ್ರೆಯಲ್ಲ, ಪ್ರಮಾಣ ಎಂಬರ್ಥದ ಮಾತ್ರೆ.

ದೇಹಕ್ಕೆ ಸ್ಥಿರತೆಯನ್ನೂ ಬಲವನ್ನೂ ಕೊಡುವ, ಮನಸ್ಸಿಗೆ ಒಪ್ಪುವ ಚಲನೆಯೇ ವ್ಯಾಯಾಮವೆಂದೂ, ಅದನ್ನು ಮಾತ್ರೆಯರಿತು ಮಾಡಬೇಕೆಂದೂ ಚರಕಾಚಾರ್ಯರು ಹೇಳಿದ್ದಾರೆ. ಆ ಮಾತ್ರೆ ಎಷ್ಟೆಂಬುದನ್ನು ಸುಶ್ರುತ, ವಾಗ್ಭಟರು ಸ್ಪಷ್ಟಪಡಿಸಿದ್ದಾರೆ: ತನ್ನ ಶಕ್ತಿಯ ಅರ್ಧ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗಿ, ಮೂಗಿನ ಉಸಿರು ಬಾಯಿಗೆ ಬಂದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಅಲ್ಲಿಗೆ ನಿಲ್ಲಿಸಿದವನಿಗೆ ದೇಹ ಹಗುರಾಗುತ್ತದೆ, ಜಠರಾಗ್ನಿ ಪ್ರದೀಪ್ತವಾಗುತ್ತದೆ, ಕೆಲಸದಲ್ಲಿ ಉತ್ಸಾಹ ಹುಟ್ಟುತ್ತದೆ. ಅದನ್ನು ಮೀರಿದವನಿಗೆ ಬಾಯಾರಿಕೆ, ಕ್ಷಯ, ಉಬ್ಬಸ, ಜ್ವರಗಳು ಕಾದಿರುತ್ತವೆ.

ಶಾಸ್ತ್ರದ ಈ ಮಾತನ್ನು ನಲವತ್ತು ವರ್ಷಗಳಿಂದ ರೋಗಿಗಳಿಗೆ ಹೇಳುತ್ತ ಬಂದ ನಮಗೆ, ಅದನ್ನು ಹತ್ತು ದಿನ ಸತತವಾಗಿ ಆಚರಿಸಿ ನೋಡುವ ಅವಕಾಶ ದೂರದ ಫ್ರಾನ್ಸ್ ದೇಶದಲ್ಲಿ ದೊರೆಯಿತು. ವಿಮಾನ ಕಾರ್ಖಾನೆಗಳ ನಗರವಾದ ತುಲೂಸ್‌ಗೆ ಬೆಂಗಳೂರಿನಿಂದ ಅನೇಕ ಎಂಜಿನಿಯರುಗಳು ಹೋಗಿ ನೆಲೆಸಿದ್ದಾರೆ. ನಮ್ಮ ಮಗನೂ ಅವರಲ್ಲೊಬ್ಬ. ಹಾಗೆ ಮಕ್ಕಳ ಮನೆಗೆ ಹೋದ ತಂದೆತಾಯಿಗಳು ಮೂರು ತಿಂಗಳು ಸೋಫಾದಲ್ಲಿ ಕುಳಿತು, ನಾಲ್ಕು ಕಿಲೋ ತೂಕ ಹೆಚ್ಚಿಸಿಕೊಂಡು, ಕೀಲುನೋವಿನೊಡನೆ ಮರಳುವುದನ್ನು ನಾವು ಬಹಳ ಕಂಡಿದ್ದೇವೆ. ನಮ್ಮ ಸಹಧರ್ಮಿಣಿಯವರಿಗಂತೂ ಮೊದಲೇ ಬಲಮೊಣಕಾಲಿನಲ್ಲಿ ಸಂಧಿವಾತವಿತ್ತು. ಆದುದರಿಂದ ಒಂದು ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಎರಡು ಸೈಕಲ್‌ಗಳನ್ನು ಬಾಡಿಗೆಗೆ ಪಡೆದು ಕಾಲುವೆಯ ದಂಡೆ ಹಿಡಿದು ಹೊರಟೆವು.

ದಕ್ಷಿಣದ ಕಾಲುವೆ

ಈ ಕಾಲುವೆಯ ಹೆಸರು ‘ಕನಾಲ್ ದ್ಯು ಮಿದಿ’, ಎಂದರೆ ದಕ್ಷಿಣದ ಕಾಲುವೆ. ತುಂಗಭದ್ರಾ, ಮಲಪ್ರಭಾ ಕಾಲುವೆಗಳನ್ನು ಕಂಡವರು ಇದನ್ನು ನೀರಾವರಿ ಕಾಲುವೆಯೆಂದು ಭಾವಿಸಬಾರದು. ಇದು ದೋಣಿಗಳಿಗಾಗಿ ತೋಡಿದ ಜಲಮಾರ್ಗ. ತುಲೂಸ್‌ನಿಂದ ಮೆಡಿಟರೇನಿಯನ್ ಸಮುದ್ರದಂಚಿನ ತೋ ಎಂಬ ಹಿನ್ನೀರಿನವರೆಗೆ ಸುಮಾರು 240 ಕಿಲೋಮೀಟರ್ ಉದ್ದವಿದೆ. ತುಲೂಸ್‌ನ ಗರೋನ್ ನದಿ ಪಶ್ಚಿಮಕ್ಕೆ ಹರಿದು ಅಟ್ಲಾಂಟಿಕ್ ಸೇರುವುದರಿಂದ, ಈ ಕಾಲುವೆಯು ಎರಡು ಸಮುದ್ರಗಳನ್ನು ಬೆಸೆಯಿತು. ಅದಕ್ಕೆ ಮುಂಚೆ ಹಡಗುಗಳು ಇಡೀ ಸ್ಪೇನ್ ದೇಶವನ್ನು ಸುತ್ತಿಬರಬೇಕಾಗಿತ್ತು.

ಇದನ್ನು ಕಟ್ಟಿಸಿದವನು ಪಿಯೇರ್ ಪೋಲ್ ರಿಕೆ. ಅವನು ಎಂಜಿನಿಯರನಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಗುತ್ತಿಗೆದಾರ. ಹದಿನಾಲ್ಕನೆಯ ಲೂಯಿ ದೊರೆಯ ಅಪ್ಪಣೆ 1666ರಲ್ಲಿ ಹೊರಟಾಗ ರಿಕೆ ಅರವತ್ತರ ಆಸುಪಾಸಿನಲ್ಲಿದ್ದ. ಈ ವಯಸ್ಸಿನಲ್ಲಿ ಹೊಸದೇನು ಎನ್ನುವ ನಮ್ಮ ಓದುಗರು ಇದನ್ನು ಗಮನಿಸಬೇಕು. ಕೆಲಸದ ಭರದಲ್ಲಿ ಸುಮಾರು 12,000 ಮಂದಿ, ಹೆಣ್ಣುಮಕ್ಕಳೂ ಸೇರಿ, ದುಡಿಯುತ್ತಿದ್ದರು. ಆ ಕಾಲದಲ್ಲಿ ಎಲ್ಲಿಯೂ ಕೇಳಿರದ ಒಂದು ಪದ್ಧತಿಯನ್ನು ರಿಕೆ ತಂದ. ಕೆಲಸಗಾರರಿಗೆ ತಿಂಗಳ ಸಂಬಳ ಗೊತ್ತುಮಾಡಿ, ಭಾನುವಾರ, ಹಬ್ಬದ ದಿನ, ಮಳೆಯ ದಿನ, ಕಾಯಿಲೆಯ ದಿನಗಳಿಗೂ ಕೂಲಿ ಕಡಿಯದೆ ಕೊಟ್ಟ. ವಿಶ್ರಾಂತಿಯೂ ಕಾಯಕದ ಅಂಗವೆಂದು ಒಪ್ಪಿದ ಕ್ರಮವಿದು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ನೆನೆಯುವ ನಮಗೆ, ನೀರಿನ ಕೆಲಸದಲ್ಲಿ ದುಡಿಯುವ ಕೈಗಳನ್ನು ಗೌರವಿಸಿದ ಈ ಪರದೇಶಿಯ ಬಗೆಗೂ ಆದರ ಹುಟ್ಟಿತು. ತನ್ನ ಸ್ವಂತ ಸಂಪತ್ತನ್ನೂ ಕಾಲುವೆಗೆ ಸುರಿದು ಸಾಲಗಾರನಾದ ರಿಕೆ 1680ರ ಅಕ್ಟೋಬರಿನಲ್ಲಿ ತೀರಿಕೊಂಡ. ಕಾಲುವೆ ತೆರೆದದ್ದು 1681ರ ಮೇ ತಿಂಗಳಲ್ಲಿ. ಯುನೆಸ್ಕೋ 1996ರಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ.

ಈ ಕಾಲುವೆಯ ಗುಟ್ಟಿರುವುದು ನೊರೂಜ್ ಎಂಬ ಸ್ಥಳದಲ್ಲಿ. ಸಮುದ್ರಮಟ್ಟದಿಂದ 189 ಮೀಟರ್ ಎತ್ತರದ ಈ ದಿಣ್ಣೆಯೇ ಇಡೀ ಮಾರ್ಗದ ನೆತ್ತಿ. ಕಪ್ಪು ಬೆಟ್ಟವೆಂದು ಕರೆಯುವ ಬೆಟ್ಟಸಾಲಿನ ತೊರೆಗಳನ್ನು ಸೇಂತ್ ಫೆರಿಯೋಲ್ ಜಲಾಶಯದಲ್ಲಿ ಹಿಡಿದು, ಸಣ್ಣ ಕಾಲುವೆಗಳಿಂದ ಇಲ್ಲಿಗೆ ತಂದಿದ್ದಾರೆ. ಇಲ್ಲಿಂದ ನೀರು ಪಶ್ಚಿಮಕ್ಕೂ ಪೂರ್ವಕ್ಕೂ ಇಬ್ಭಾಗವಾಗಿ ಹರಿಯುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಏರುವ ನೀರು

ದೋಣಿಗಳು ಏರಿಳಿಯುವುದು ಲಾಕ್‌ಗಳ ಮೂಲಕ. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ನೀರಿನ ಕೋಣೆ. ಕೆಳಗಿನಿಂದ ಬಂದ ದೋಣಿ ಒಳಹೊಕ್ಕ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಮೇಲಿನ ನೀರನ್ನು ಮೆಲ್ಲಗೆ ಬಿಡುತ್ತಾರೆ. ನೀರಿನೊಡನೆ ದೋಣಿಯೂ ಏರಿ, ಮೇಲ್ಮಟ್ಟಕ್ಕೆ ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಮೊದಲು ಕಟ್ಟಿದ ನೇರಗೋಡೆಯೊಂದು ಮಣ್ಣಿನ ಒತ್ತಡಕ್ಕೆ ಕುಸಿದುದರಿಂದ, ಆಮೇಲೆ ಗೋಡೆಗಳನ್ನು ಹೊರಕ್ಕೆ ಬಾಗಿಸಿ ಅಂಡಾಕಾರದಲ್ಲಿ ಕಟ್ಟಿದರು. ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಲಾಕ್‌ಗಳೂ ಮುಚ್ಚುತ್ತವೆ. ದೋಣಿಯವರು ಹಗ್ಗ ಕಟ್ಟಿ ಕಾಯುತ್ತಾರೆ. ಜಠರಾಗ್ನಿ ಪ್ರಬಲವಾಗಿರುವ ಮಧ್ಯಾಹ್ನದಲ್ಲಿ ಕುಳಿತು ನೆಮ್ಮದಿಯಿಂದ ಉಣ್ಣಬೇಕೆಂದು ನಾವು ಎಷ್ಟು ಹೇಳಿದರೂ ಕೇಳದ ನಮ್ಮ ವ್ಯಾಪಾರಿ ಬಂಧುಗಳನ್ನು ಒಮ್ಮೆ ಇಲ್ಲಿಗೆ ಕರೆತರಬೇಕೆನಿಸಿತು.

ದಂಡೆಯ ಹಾದಿ ಹಿಂದೆ ಕುದುರೆಗಳು ಹಗ್ಗದಿಂದ ದೋಣಿ ಎಳೆಯುತ್ತಿದ್ದ ಹಾದಿ. ಆದುದರಿಂದಲೇ ಅದು ನೀರಿನಷ್ಟೇ ಸಮತಟ್ಟು. ತುಲೂಸ್‌ನಿಂದ ನೊರೂಜ್‌ವರೆಗಿನ ಸುಮಾರು 50 ಕಿಲೋಮೀಟರಿನಲ್ಲಿ ಏರುವುದು ಅರವತ್ತು ಮೀಟರಿಗೂ ಕಡಿಮೆ. ಅರ್ಧಶಕ್ತಿಯ ವ್ಯಾಯಾಮಕ್ಕೆ ಇದಕ್ಕಿಂತ ಯೋಗ್ಯವಾದ ನೆಲ ಸಿಕ್ಕುವುದು ಅಪರೂಪ. ಏರು ಬಂದಾಗ ಉಸಿರು ಕಟ್ಟಿ ಮೀರಬೇಕಾದ ಸಂದರ್ಭವೇ ಇಲ್ಲಿ ಒದಗುವುದಿಲ್ಲ.

ಆರೋಗ್ಯದ ನಿಮಿತ್ತ ಈ ದಾರಿಯಲ್ಲಿ ಸಾಗಿದವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಒಬ್ಬ. ಮಣಿಕಟ್ಟು ಮುರಿದುಕೊಂಡಿದ್ದ ಅವನು ವೈದ್ಯರ ಸಲಹೆಯಂತೆ ಏಕ್ಸ್ ಊರಿನ ಖನಿಜಜಲದ ಚಿಕಿತ್ಸೆಗೆಂದು ದಕ್ಷಿಣಕ್ಕೆ ಬಂದ. ಆಮೇಲೆ 1787ರ ಮೇ ತಿಂಗಳಲ್ಲಿ ತನ್ನ ಸಾರೋಟಿನ ಚಕ್ರ ಕಳಚಿಸಿ, ಅದನ್ನು ದೋಣಿಯ ಮೇಲಿರಿಸಿ, ಕಾಲುವೆಯಲ್ಲಿ ಪಯಣಿಸಿದ. ಬೇಕೆನಿಸಿದಾಗ ಇಳಿದು ದಂಡೆಯಲ್ಲಿ ನಡೆಯುತ್ತಿದ್ದ. ದೇಹವನ್ನು ಪೀಡಿಸದ ಮೆಲುನಡಿಗೆಯನ್ನು ಸುಶ್ರುತರು ‘ಚಂಕ್ರಮಣ’ವೆಂದು ಕರೆದು, ಅದು ಆಯುಸ್ಸು, ಬಲ, ಮೇಧೆ, ಅಗ್ನಿಗಳನ್ನು ವರ್ಧಿಸುವುದೆಂದು ಹೊಗಳಿದ್ದಾರೆ. ನಿಧಾನದ ಸೈಕಲ್ ಸವಾರಿಯೂ ಈ ಚಂಕ್ರಮಣದ ಸಹೋದರನೇ.

ಮೊಣಕಾಲಿಗೆ ಸೈಕಲ್ ಏಕೆ ಹಿತ?

ನಡೆಯುವಾಗ ದೇಹದ ಭಾರವನ್ನು ಪ್ರತಿ ಹೆಜ್ಜೆಯಲ್ಲೂ ಮೊಣಕಾಲು ಹೊರಬೇಕು. ಮೆಟ್ಟಿಲಿಳಿಯುವಾಗ ಆ ಹೊರೆ ಇನ್ನೂ ಹೆಚ್ಚು. ಸೈಕಲ್ಲಿನಲ್ಲಿ ಭಾರವನ್ನು ಸೀಟು ಹೊರುತ್ತದೆ, ಕೀಲು ಕೇವಲ ಚಲಿಸುತ್ತದೆ. ಚಲನೆಯಿಂದ ಕೀಲಿನೊಳಗಿನ ಶ್ಲೇಷಕ ಕಫ ಎಲ್ಲ ಕಡೆ ಹರಡಿ ಸವೆತವನ್ನು ತಗ್ಗಿಸುತ್ತದೆ. ತೊಡೆಯ ಸ್ನಾಯುಗಳು ಬಲಗೊಂಡು ಕೀಲಿಗೆ ಆಸರೆಯಾಗುತ್ತವೆ. ಆದರೆ ಇದಕ್ಕೆ ನಿಯಮಗಳಿವೆ.

ಸೀಟು ತಗ್ಗಾಗಿದ್ದರೆ ಮೊಣಕಾಲು ವಿಪರೀತ ಮಡಚಿ, ಚಿಪ್ಪಿನ ಹಿಂಭಾಗ ನೋಯುತ್ತದೆ. ಪೆಡಲ್ ಅತ್ಯಂತ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೀಳವಾಗಿ, ಸ್ವಲ್ಪವೇ ಬಾಗಿರಬೇಕು. ಭಾರವಾದ ಗಿಯರಿನಲ್ಲಿ ಒತ್ತಿ ತುಳಿಯುವುದಕ್ಕಿಂತ, ಹಗುರವಾದ ಗಿಯರಿನಲ್ಲಿ ಬೇಗಬೇಗ ತುಳಿಯುವುದು ಕೀಲಿಗೆ ಒಳ್ಳೆಯದು. ಹ್ಯಾಂಡಲ್ ಹಿಡಿದ ಕೈಬೆರಳು ಜೋಮು ಹಿಡಿಯದಂತೆ ಆಗಾಗ ಹಿಡಿತ ಬದಲಿಸಬೇಕು. ಮೂಲವ್ಯಾಧಿ, ಪ್ರಾಸ್ಟೇಟ್ ತೊಂದರೆಯುಳ್ಳವರು ಅಗಲವಾದ ಮೆತ್ತನೆಯ ಸೀಟು ಹಾಕಿಸಿಕೊಂಡು, ಅರ್ಧ ಗಂಟೆಗೊಮ್ಮೆ ಇಳಿದು ನಿಲ್ಲಬೇಕು. ಮಲಮೂತ್ರಾದಿ ವೇಗಗಳನ್ನು ‘ಮುಂದಿನ ಊರಿನಲ್ಲಿ ನೋಡೋಣ’ ಎಂದು ತಡೆಹಿಡಿಯಬಾರದು. ವೇಗಧಾರಣವು ಅನೇಕ ರೋಗಗಳ ತಾಯಿ.

ಸವಾರಿಯ ವೇಗಕ್ಕೆ ನಾವು ಇಟ್ಟುಕೊಂಡ ಅಳತೆ ಸರಳವಾದುದು: ಮಾತನಾಡಲು ಉಸಿರಿರಬೇಕು, ಹಾಡಲು ಉಸಿರು ಸಾಲದಿರಬೇಕು. ಮಾತೇ ಕಷ್ಟವಾದರೆ ಅರ್ಧಶಕ್ತಿ ದಾಟಿದೆಯೆಂದರ್ಥ. ಇಬ್ಬರಲ್ಲಿ ನಿಧಾನವಾಗಿ ಹೋಗುವವರು ಮುಂದೆ, ವೇಗದವರು ಹಿಂದೆ ಎಂಬುದು ಎರಡನೆಯ ನಿಯಮ. ಹೀಗೆ ಗಂಟೆಗೆ ಸುಮಾರು 10 ಕಿಲೋಮೀಟರಿನಂತೆ, ದಿನಕ್ಕೆ 20ರಿಂದ 25 ಕಿಲೋಮೀಟರ್ ಮಾತ್ರ ಸಾಗಬೇಕೆಂದು ನಿಶ್ಚಯಿಸಿದೆವು. ಬೆಳಿಗ್ಗೆ ಸ್ನಾನ, ಇಷ್ಟಲಿಂಗಪೂಜೆ, ಲಘು ಪ್ರಸಾದಗಳನ್ನು ಮುಗಿಸಿ ಹೊರಟರೆ ಮಧ್ಯಾಹ್ನಕ್ಕೆ ಮುಂದಿನ ಊರು.

ಗಾಳಿಯ ಪರೀಕ್ಷೆ

ಮೊದಲೆರಡು ದಿನ ತುಲೂಸ್‌ನಿಂದ ಮೋಂಜಿಸ್ಕಾರ್, ಅಲ್ಲಿಂದ ನೊರೂಜ್ ಸುಖವಾಗಿ ಸಾಗಿದವು. ಈ ಭಾಗದಲ್ಲಿ ಹಾದಿಗೆ ಡಾಂಬರು ಇದೆ. ನೊರೂಜ್ ಸಮೀಪಿಸಿದ ಮೇಲೆ ಮಣ್ಣಿನ ಹಾದಿ, ಅಲ್ಲಲ್ಲಿ ಮರದ ಬೇರು. ಮೂರನೆಯ ದಿನ ಗಾಳಿ ಎದ್ದಿತು. ಈ ಸೀಮೆಯಲ್ಲಿ ಎರಡು ಗಾಳಿಗಳಿಗೆ ಹೆಸರೇ ಇದೆ. ಪಶ್ಚಿಮದಿಂದ ಬೀಸುವುದು ಸೆರ್ಸ್. ಆಗ್ನೇಯದಿಂದ ಬೀಸುವುದು ಒತಾಂ. ಒತಾಂ ಗಾಳಿ ಜನರಿಗೆ ಹುಚ್ಚು ಹಿಡಿಸುತ್ತದೆಂದು ಅಲ್ಲಿಯವರ ನಂಬಿಕೆ. ವಾತಪ್ರಕೋಪವನ್ನು ಬಲ್ಲ ವೈದ್ಯನಿಗೆ ಇದು ನಗೆಯ ಮಾತಲ್ಲ. ಬಿರುಗಾಳಿಗೆ ಮೈಯೊಡ್ಡಿದವರಿಗೆ ನಿದ್ರೆ ಕೆಡುವುದು, ತಲೆ ನೋಯುವುದು, ಕೀಲು ಬಿಗಿಯುವುದು ನಮ್ಮ ನಿತ್ಯದ ಅನುಭವ.

ನೊರೂಜ್‌ನಿಂದ ಕಸ್ತೆಲ್ನೊದಾರಿ ಊರಿಗೆ ಕೇವಲ 13 ಕಿಲೋಮೀಟರ್. ಒತಾಂ ಎದುರಿಗೇ ಇತ್ತು. ಕಿವಿಗೆ ಬಟ್ಟೆ ಕಟ್ಟಿ, ಬಹುಭಾಗ ಸೈಕಲ್ ತಳ್ಳಿಕೊಂಡೇ ನಡೆದೆವು. ಆದರೂ ಸಂಜೆಗೆ ಸಹಧರ್ಮಿಣಿಯವರ ಬಲಮೊಣಕಾಲು ಬೆಚ್ಚಗಾಗಿ, ಸ್ವಲ್ಪ ಊದಿಕೊಂಡಿತು. ಮರುದಿನ ಇಡೀ ವಿಶ್ರಾಂತಿ ತೆಗೆದುಕೊಂಡೆವು. ಬಿಸಿಯಿದ್ದ ಕೀಲಿಗೆ ತಿಕ್ಕುವುದಾಗಲಿ ಶಾಖ ಕೊಡುವುದಾಗಲಿ ಮಾಡದೆ, ತಣ್ಣೀರ ಬಟ್ಟೆ ಹಾಕಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟೆವು. ಎರಡನೆಯ ದಿನಕ್ಕೆ ಊತ ಇಳಿಯಿತು, ಬಿಗುವು ಉಳಿಯಿತು.

ಮುಂದಿನ ಕಾರ್ಕಸೋನ್ ನಗರ 40 ಕಿಲೋಮೀಟರ್ ದೂರದಲ್ಲಿತ್ತು. ಸಮುದ್ರದವರೆಗೂ ಸೈಕಲ್ಲಿನಲ್ಲೇ ಹೋಗಬೇಕೆಂಬ ಆಸೆ ನಮ್ಮ ಮನಸ್ಸಿನ ಮೂಲೆಯಲ್ಲಿದ್ದುದು ನಿಜ. ಅವರು ನಕ್ಕು ಹೇಳಿದರು: “ಸಮುದ್ರ ಎಲ್ಲಿಗೂ ಓಡಿಹೋಗೂದಿಲ್ಲರೀ. ಮೊಣಕಾಲು ಹೋದ್ರ ತಿರುಗಿ ಬರೂದಿಲ್ಲ.” ಕಾಲುವೆಗೆ ಬಹುಮಟ್ಟಿಗೆ ಸಮಾನಾಂತರವಾಗಿ ರೈಲುಮಾರ್ಗವಿದೆ, ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲನ್ನೂ ಏರಿಸಬಹುದು. ನಾವು ರೈಲು ಹತ್ತಿ ಕಾರ್ಕಸೋನ್ ತಲುಪಿ, ಅಲ್ಲಿಯ ಕೋಟೆಯನ್ನು ದೂರದಿಂದ ಕಣ್ತುಂಬ ನೋಡಿ ಆ ದಿನವನ್ನೂ ಆರಾಮವಾಗಿ ಕಳೆದೆವು. ಆ ರೈಲಿನ ಟಿಕೆಟ್ಟೇ ಆ ಯಾತ್ರೆಯ ಅತ್ಯುತ್ತಮ ಔಷಧವಾಯಿತೆಂದು ನಮ್ಮ ನಿಶ್ಚಿತ ಅಭಿಪ್ರಾಯ.

ಆರನೆಯ ದಿನದಿಂದ ಮಾರ್ಸೆಯೆತ್, ಒಂಪ್ಸ್, ಲ ಸೊಮಾಯ್, ಕಾಪೆಸ್ತಾಂಗ್ ಎಂಬ ಹಳ್ಳಿಗಳಲ್ಲಿ ತಂಗುತ್ತ, ದ್ರಾಕ್ಷಿತೋಟಗಳ ನಡುವೆ ಸಾಗಿದೆವು. ಒಂಪ್ಸ್ ದಾಟಿ ಅರ್ಜಾಂ ಊರಿನ ಲಾಕ್ ಕಳೆದ ಮೇಲೆ 54 ಕಿಲೋಮೀಟರ್ ದೂರ ಒಂದೇ ಒಂದು ಲಾಕ್ ಇಲ್ಲ. ಬೆಟ್ಟದ ಅಂಚನ್ನು ಅನುಸರಿಸಿ ಬಳಸಿ ಬಳಸಿ ಹೋಗುವ ಕಾಲುವೆಯ ನೀರು ಅಷ್ಟು ದೂರವೂ ಒಂದೇ ಮಟ್ಟದಲ್ಲಿದೆ. ಮಲ್ಪಾ ಎಂಬಲ್ಲಿ ಗುಡ್ಡವನ್ನೇ ಕೊರೆದು 1679ರಲ್ಲಿ ಮಾಡಿದ ಸುರಂಗದೊಳಗೆ ದೋಣಿಗಳು ಸಾಗುತ್ತವೆ. ಹತ್ತನೆಯ ದಿನ ರಿಕೆಯ ಹುಟ್ಟೂರಾದ ಬೆಜಿಯೇ ಸಮೀಪದ ಫೊನ್ಸೆರಾನ್‌ನಲ್ಲಿ, ಒಂದರ ಕೆಳಗೊಂದು ಜೋಡಿಸಿದ ಲಾಕ್‌ಗಳ ಸಾಲು ನೀರಿನ ಸೋಪಾನದಂತೆ ಇಳಿಯುವುದನ್ನು ಕಂಡು ಯಾತ್ರೆ ಮುಗಿಸಿದೆವು. ಒಟ್ಟು ಸಾಗಿದ್ದು ಸುಮಾರು 165 ಕಿಲೋಮೀಟರ್. ಸಮುದ್ರ ಇನ್ನೂ ಮುಂದಿತ್ತು. ಸಹಧರ್ಮಿಣಿಯವರು ಯಾರ ಕೈಯನ್ನೂ ಹಿಡಿಯದೆ ಆ ಸೋಪಾನದ ಪಕ್ಕದ ಇಳಿಜಾರನ್ನು ಇಳಿದರು. ನಮಗೆ ಅಷ್ಟು ಸಾಕಾಗಿತ್ತು.

ನೆರಳು ಕಳೆದುಕೊಂಡ ದಂಡೆ

ಕಾಲುವೆಯ ಚಿತ್ರಗಳಲ್ಲಿ ಎರಡೂ ದಂಡೆಗಳ ಪ್ಲೇನ್ ಮರಗಳ ಕಮಾನನ್ನು ಎಲ್ಲರೂ ಕಂಡಿರುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೆಟ್ಟು ಬೆಳೆಸಿದ ಇವು ಸುಮಾರು 42,000 ಇದ್ದವು. ಶಿಲೀಂಧ್ರದಿಂದ ಹರಡುವ ಒಂದು ರೋಗ 2006ರಲ್ಲಿ ಇಲ್ಲಿ ಪತ್ತೆಯಾಯಿತು. ಅದಕ್ಕೆ ಮದ್ದಿಲ್ಲ, ನೀರಿನೊಡನೆ, ಬೇರಿನಿಂದ ಬೇರಿಗೆ ಹಬ್ಬುತ್ತದೆ. ಹತ್ತಾರು ಸಾವಿರ ಮರಗಳನ್ನು ಕಡಿದು ಸುಡಬೇಕಾಯಿತು. ಒಂದೇ ಜಾತಿಯ ಮರ ಸಾಲಾಗಿದ್ದುದರಿಂದ ರೋಗಕ್ಕೆ ದಾರಿ ಸುಗಮವಾಯಿತು. ಈಗ ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಸವಾರರಿಗೆ ಇದರಿಂದ ತಿಳಿಯುವುದಿಷ್ಟು: ಅನೇಕ ಕಡೆ ನೆರಳಿಲ್ಲ. ಜುಲೈ, ಆಗಸ್ಟ್ ತಿಂಗಳ ಬಿಸಿಲು ಅಲ್ಲಿಯೂ ಪಿತ್ತವನ್ನು ಕೆರಳಿಸುವಷ್ಟು ತೀಕ್ಷ್ಣ. ಏಪ್ರಿಲ್‌ನಿಂದ ಜೂನ್, ಇಲ್ಲವೆ ಸೆಪ್ಟೆಂಬರ್ ಸೂಕ್ತ ಕಾಲ. ಟೋಪಿ, ಎರಡು ಬಾಟಲಿ ನೀರು ಸದಾ ಜೊತೆಗಿರಲಿ. ನೀರನ್ನು ಗಟಗಟನೆ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬೇಕು.

ಆಹಾರ, ಉಪಚಾರ, ಎಚ್ಚರಿಕೆ

ಶಾಕಾಹಾರಿಗಳಾದ ನಮಗೆ ಆಹಾರದ ವಿಚಾರ ಮುಖ್ಯ. ಕಸ್ತೆಲ್ನೊದಾರಿಯ ಹೆಸರಾಂತ ಬಿಳಿ ಅವರೆಯಂಥ ಕಾಳಿನ ಅಡಿಗೆ ‘ಕಸೂಲೆ’ಯಲ್ಲಿ ಮಾಂಸವಿರುತ್ತದೆ. ಸೂಪನ್ನೂ ಮಾಂಸದ ರಸದಲ್ಲಿ ಮಾಡಿರಬಹುದು. ಅನೇಕ ಬಗೆಯ ಚೀಸ್‌ಗಳನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ತಯಾರಿಸುತ್ತಾರೆ, ಕೇಳಿಯೇ ಕೊಳ್ಳಬೇಕು. ‘ಸಾಂ ವಿಯಾಂದ್’ ಎಂದರೆ ಮಾಂಸವಿಲ್ಲದ್ದು ಎಂದರ್ಥ. ಬ್ರೆಡ್ಡು, ಹಣ್ಣು, ಮೊಸರು, ಬೇಯಿಸಿದ ತರಕಾರಿ ಎಲ್ಲೆಡೆ ಸಿಗುತ್ತವೆ. ನಾವು ಊರಿನಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿಗಳನ್ನು ಒಯ್ದಿದ್ದೆವು. ತುಪ್ಪ, ಪೇಡೆ ಮುಂತಾದ ಹಾಲಿನ ಪದಾರ್ಥಗಳನ್ನು ಭಾರತದಿಂದ ಯೂರೋಪಿನ ಒಕ್ಕೂಟದ ದೇಶಗಳಿಗೆ ಒಯ್ಯಲು ಅನುಮತಿಯಿಲ್ಲವೆಂಬುದನ್ನು ಮರೆಯಬಾರದು. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಮುಚ್ಚುವುದರಿಂದ ಬೆಳಿಗ್ಗೆಯೇ ಕೊಂಡಿಟ್ಟುಕೊಳ್ಳಬೇಕು.

ಉಂಡ ಕೂಡಲೆ ಸೈಕಲ್ ಏರಬಾರದು. ಅಜೀರ್ಣವಿದ್ದ ದಿನ ಸವಾರಿಯೇ ಬೇಡ. ಬೆವರಿದ ಮೈಗೆ ತಣ್ಣೀರು ಸುರಿಯಬಾರದು. ಊತವಿಲ್ಲದಿದ್ದಾಗ, ಸಂಜೆ ಮೊಣಕಾಲಿಗೆ ಬೆಚ್ಚನೆಯ ಎಳ್ಳೆಣ್ಣೆ ಅಥವಾ ಮಹಾನಾರಾಯಣ ತೈಲವನ್ನು ಮೃದುವಾಗಿ ಸವರಿ ಬಿಸಿನೀರಿನ ಸ್ನಾನ ಮಾಡಬೇಕು. ಮಲಗುವ ಮುನ್ನ ಅಂಗಾಲಿಗೆ ಎಣ್ಣೆ ತಿಕ್ಕಿದರೆ ದಣಿವು ಕಳೆದು ನಿದ್ರೆ ಗಾಢವಾಗುತ್ತದೆ.

ಹೃದ್ರೋಗಿಗಳು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು, ತಲೆಸುತ್ತು ಬರುವವರು ವೈದ್ಯರ ಪರೀಕ್ಷೆಯಿಲ್ಲದೆ ಹೊರಡಕೂಡದು. ಮಧುಮೇಹಿಗಳಿಗೆ ಸವಾರಿಯ ನಡುವೆ ಸಕ್ಕರೆಯ ಅಂಶ ಇಳಿಯಬಹುದು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ, ರಾತ್ರಿ ಪಾದಗಳನ್ನು ಪರೀಕ್ಷಿಸಿಕೊಳ್ಳಿರಿ. ನಿತ್ಯದ ಗುಳಿಗೆಗಳನ್ನು ಪ್ರವಾಸದ ನೆಪದಲ್ಲಿ ಬಿಡಬಾರದು. ಎದೆನೋವು, ಅಸಹಜ ಉಬ್ಬಸ ಕಂಡರೆ ತಕ್ಷಣ ನಿಂತು 112ಕ್ಕೆ ಕರೆಮಾಡಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ಸೈಕಲ್ಲಿನ ಎಡಗೈ ಬ್ರೇಕು ಸಾಮಾನ್ಯವಾಗಿ ಮುಂದಿನ ಚಕ್ರದ್ದು. ಹೊರಡುವ ಮುನ್ನ ಬಯಲಿನಲ್ಲಿ ಅಭ್ಯಾಸ ಮಾಡಿಕೊಳ್ಳುವುದು ಕ್ಷೇಮ. ಶಿರಸ್ತ್ರಾಣವನ್ನು ಕಾನೂನು ದೊಡ್ಡವರಿಗೆ ಕಡ್ಡಾಯಗೊಳಿಸಿಲ್ಲವಾದರೂ ನಾವು ಧರಿಸಿದ್ದೆವು, ನೀವೂ ಧರಿಸಿರಿ.

ಎಲ್ಲರೂ ಫ್ರಾನ್ಸ್ ದೇಶಕ್ಕೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಮಕ್ಕಳ ಮನೆಗೆಂದು ಅತ್ತ ಹೋಗುವ ಭಾಗ್ಯವುಳ್ಳ ಹಿರಿಯರು ಸೋಫಾ ಬಿಟ್ಟು ಒಂದು ದಿನವಾದರೂ ಆ ದಂಡೆಗೆ ಇಳಿಯಲಿ ಎಂಬುದು ನಮ್ಮ ಅಪೇಕ್ಷೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಗತಿಯ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಎಲ್ಲಿ ಮಾಡಿದರೂ, ಮಿಕ್ಕ ಅರ್ಧಶಕ್ತಿಯನ್ನು ನಾಳೆಯ ಪೂಜೆಗೂ ಕಾಯಕಕ್ಕೂ ದಾಸೋಹಕ್ಕೂ ಉಳಿಸಿಕೊಂಡು ಮನೆಗೆ ಮರಳಿರಿ.